ಪರಿಶಿಷ್ಟ ಮೂರರ ಪೈಲ್ವಾನ

ಪಂಜರದ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಾಗ ಮಲಕಪ್ಪನವರು ಒಳಗಿದ್ದರು. ಬಗ್ಗಿ, ಅಗ್ನಿಶಾಮಕ ದಳದ ಒಪ್ಪಿಗೆ ಪತ್ರವನ್ನು ಸುತಳಿಯಿಂದ ಜಾಲರಿಗೆ ಕಟ್ಟುತ್ತಿದ್ದರು. ಪ್ರದರ್ಶನ ನಡೆಯುವ ಸ್ಥಳದಲ್ಲೇ ಪತ್ರ ಎದ್ದು ಕಾಣಬೇಕೆಂದು ನಿಯಮ. ಪ್ರದರ್ಶನ ನಡೆಯುವುದು ಪಂಜರದಲ್ಲಿ. ಆದ್ದರಿಂದ ಪತ್ರವೂ ಪಂಜರದಲ್ಲಿ. ಮೂವತ್ತು ವರ್ಷ ನಿಯಮದ ಅನ್ನ ಉಂಡವರ ತರ್ಕ ಅದು.

ಸಾಲದ್ದಕ್ಕೆ, ಒಳಗೆ ಕಾಲಿಡುವ ಮುಂಚೆ ಚಪ್ಪಲಿ ಕಳಚಿಟ್ಟು, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡಿದ್ದರು. ಇಂಡಿ ತಾಲೂಕಿನಲ್ಲಿ ಅವರ ಅಪ್ಪ ಗರಡಿಮನೆ ನಡೆಸಿದವರು. ಕುಸ್ತಿಯ ಕಣಕ್ಕೆ ಚಪ್ಪಲಿ ಮೆಟ್ಟಿ ಬಂದವನನ್ನು ಆ ಅಪ್ಪ ಊರಾಚೆಯವರೆಗೂ ಅಟ್ಟಿಸಿಕೊಂಡು ಹೋಗುತ್ತಿದ್ದರು. ಕಣ ಕೆಮ್ಮಣ್ಣಿನದೋ ರಬ್ಬರಿನದೋ ಎಂದು ಮಗನ ಕೈ ವಿಚಾರಿಸಲಿಲ್ಲ.

ಅಷ್ಟರಲ್ಲಿ ದೀಪಗಳು ಆರಿದವು. ಮೇಲಿನಿಂದ ಒಂದೇ ಒಂದು ಬೆಳಕು ಇಳಿದು ಮಲಕಪ್ಪನವರ ಬೋಳುತಲೆಯ ಮೇಲೆ ಕೂತಿತು. ಸುತ್ತ ಎರಡು ಸಾವಿರ ಜನ. ಗುದ್ದು, ಒದೆ, ಪಟ್ಟು ಎಲ್ಲವನ್ನೂ ಉಸಳಿಗೆ ಖಾರ ಸೇವು ಬೆರೆಸಿದ ಮಿಸಳದಂತೆ ಕಲಸಿದ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ನೋಡಲು ಬಂದವರು. ಆಯೋಜಕ ಅಶ್ವಿತ್ ಮೈಕು ಕೈಗೆತ್ತಿಕೊಂಡ. ಪುಣೆಯ ಬಿಬವೇವಾಡಿಯಲ್ಲಿ ಹೋಟೆಲಿಟ್ಟ ಕರಾವಳಿಯವರ ಮಗ. ಹಿಂಜವಾಡಿಯ ಸಾಫ್ಟ್‌ವೇರ್ ಹೊಟ್ಟೆಗಳನ್ನು ಕರಗಿಸುವ ಜಿಮ್ಮಿನ ಮಾಲೀಕ.

"ಐವತ್ತೈದು ಕೆಜಿ ವಿಭಾಗದಲ್ಲಿ ಈಗ ಪರ್ಮಿಷನ್ ಪೈಲ್ವಾನ," ಎಂದು ಮರಾಠಿಯಲ್ಲಿ ಘೋಷಿಸಿ, ಜಾಲರಿಗೆ ಬಾಯಿಟ್ಟು ಕನ್ನಡದಲ್ಲಿ, "ಅಂಕಲ್, ಒಂದು ಪೋಸ್ ಕೊಡಿ ಮಾರಾಯ್ರೆ," ಎಂದ.

ಗಾಬರಿಯಲ್ಲಿ ಮಲಕಪ್ಪನವರು ಫೈಲು ಸಮೇತ ಎರಡೂ ಕೈ ಎತ್ತಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಬಾಗಿಲು ತೆರೆಯುವಷ್ಟರಲ್ಲಿ ಎಡಗಾಲಿನ ಚಪ್ಪಲಿ ಯಾರದೋ ಕಾಲಿಗೆ ಸಿಕ್ಕಿ ಎತ್ತಲೋ ಹೋಗಿತ್ತು. ಬಲಗಾಲಿನದನ್ನು ಕಂಕುಳಲ್ಲಿಟ್ಟುಕೊಂಡು ರಿಕ್ಷಾ ಹತ್ತಿದರು.

ಮರುದಿನದೊಳಗೆ ಆ ವಿಡಿಯೋ ಪುಣೆಯನ್ನೆಲ್ಲ ಸುತ್ತಿ ಬಂತು. ಪಾಲಿಕೆಯ ಜವಾನರು "ಬರ್ರಿ ಪೈಲ್ವಾನ" ಎಂದು ಕುರ್ಚಿ ಸರಿಸತೊಡಗಿದರು. ಮಲಕಪ್ಪನವರನ್ನು ಇರಿದದ್ದು ಅದೇ. ಆ ಹೆಸರು ಅಪ್ಪನದು. ಅಪ್ಪ ಸತ್ತಾಗ ಹದಿನಾರು ಹಳ್ಳಿಯವರು ಬಂದು ಆ ಹೆಸರಿಗೆ ಕೈಮುಗಿದಿದ್ದರು. ಈಗ ಚಹಾ ತರುವವನೂ ಅದನ್ನೇ ಕೂಗಿ ಹಲ್ಲು ಕಿಸಿಯುತ್ತಿದ್ದ.

"ಬಿಟ್ಟಬಿಡ್ರಿ. ಹುಡುಗ ಬುದ್ಧಿ. ಅಂವಾ ಯಾವಾಗೋ ಮರತಿರ್ತಾನ," ಎಂದಳು ಹೆಂಡತಿ ಕಾಶವ್ವ.

"ಅಂವಾ ಮರತಾನಂತನ ನಾ ಬಿಡೂದಿಲ್ಲ."

"ಹಂಗಾದ್ರ ಈ ಒಂಟಿ ಚಪ್ಪಲಿನರ ಒಗೀಲೇನು?"

"ಇರ್ಲಿ. ಅದು ಸಾಕ್ಷಿ."

ಸೇಡೆಂಬುದು ಹಪ್ಪಳದ ಹಿಟ್ಟಿನ ಹಾಗೆ, ಕುಟ್ಟಿದಷ್ಟೂ ಹದ. ಮಲಕಪ್ಪನವರು ಒಂದು ವರ್ಷ ಕುಟ್ಟಿದರು. ಪ್ರತಿದಿನ ಬೆಳಿಗ್ಗೆ ಗಡ್ಡ ಹೆರೆಯುವಾಗ, ಅಶ್ವಿತ್ ಮಣ್ಣುಮುಕ್ಕಿದ ದಿನ ಅವನಿಗೆ ಹೇಳಬೇಕಾದ ಭಾಷಣವನ್ನು ಕನ್ನಡಿಗೆ ಒಪ್ಪಿಸುತ್ತಿದ್ದರು. ಅದರಲ್ಲಿ ಅಪ್ಪ ಇದ್ದರು, ಗರಡಿ ಇತ್ತು, ಹದಿನಾರು ಹಳ್ಳಿ ಇದ್ದವು. ಮೂರನೆಯ ತಿಂಗಳಿಗೆ ಒಂದು ಗಾದೆಯೂ ಸೇರಿಕೊಂಡಿತು.

ಆಯುಧ ಕೈಯಲ್ಲೇ ಇತ್ತು. ಸದಾಶಿವ ಪೇಠೆಯ ಝೆರಾಕ್ಸ್ ಅಂಗಡಿಯೊಂದರ ಮೂಲೆಯಲ್ಲಿ ಮೇಜು ಹಾಕಿಕೊಂಡು, ಊರಿನ ಕಾರ್ಯಕ್ರಮಗಳಿಗೆ ಪರವಾನಗಿ ಮಾಡಿಸಿಕೊಡುವುದು ಅವರ ಕಸುಬು. ಪೊಲೀಸು, ಪಾಲಿಕೆ, ಅಗ್ನಿಶಾಮಕ ದಳ, ಆಂಬುಲೆನ್ಸು, ಹತ್ತು ಗಂಟೆಗೆ ಬಾಯಿ ಮುಚ್ಚಬೇಕಾದ ಧ್ವನಿವರ್ಧಕ, ಎಲ್ಲ ಸೇರಿ ಹದಿಮೂರು ಕಾಗದ. ಅರ್ಜಿ ನಮ್ಮದು, ಮರ್ಜಿ ಅವರದು ಎಂಬ ಕಚೇರಿಗಳಲ್ಲಿ ಮಲಕಪ್ಪನವರಿಗೆ ಮಾತ್ರ ಎರಡೂ ಒಲಿದಿದ್ದವು.

ಪೊಲೀಸರ ಅರ್ಜಿಯಲ್ಲಿ ನಾಟಕ, ವಾದ್ಯಗೋಷ್ಠಿ, ಸರ್ಕಸ್ಸು, ಕುಸ್ತಿ ಎಂದಿತ್ತೇ ಹೊರತು ಈ ಮಿಸಳಕ್ಕೆ ಕಾಲಂ ಇರಲಿಲ್ಲ. ಅದನ್ನು ಕುಸ್ತಿಯೆಂದೇ ತುಂಬಿ, ಪರಿಶಿಷ್ಟ ಮೂರು ಎಂದು ಆಟದ ನಿಯಮಗಳ ನಾಲ್ಕು ಪುಟ ಲಗತ್ತಿಸುವ ಉಪಾಯ ಮಲಕಪ್ಪನವರದೇ. ಆ ಪುಟಗಳಲ್ಲಿ ಬರೆದದ್ದನ್ನು ಕಣದಲ್ಲಿ ಆಡಬಹುದು. ಬರೆಯದ್ದನ್ನು ಆಡಿದರೆ ಪರವಾನಗಿ ರದ್ದು.

ವರ್ಷ ತುಂಬುವ ಹೊತ್ತಿಗೆ ಅಶ್ವಿತ್ ತಾನಾಗಿಯೇ ಬಂದ. ನಡುರಸ್ತೆಯಲ್ಲಿ ಕಾರು, ಕಿವಿಯಲ್ಲಿ ಫೋನು.

"ಅಂಕಲ್, ಈ ಸಲ ಮೇನ್ ಫೈಟ್ ನಂದೇ. ಬೇಗ ಪರ್ಮಿಷನ್ ಮಾಡಿಸಿ ಆಯ್ತಾ?"

"ಎದುರಿಗೆ ಯಾರ್ರಿ?"

"ಸ್ವಪ್ನಿಲ್ ಅಂತ, ಯಾವುದೋ ತಾಲೀಮಿನ, ಗರಡಿಮನೆಯ ಹುಡುಗ. ಬರೀ ಕುಸ್ತಿ ಗೊತ್ತುಂಟು, ಪಂಚ್ ಹಾಕಲಿಕ್ಕೆ ಬರುದಿಲ್ಲ. ಎರಡು ನಿಮಿಷದಲ್ಲಿ ಮಲಗಿಸ್ತೇನೆ."

ಮಲಕಪ್ಪನವರು ಕಾಗದದ ಕಟ್ಟು ಮುಂದಿಟ್ಟರು. "ಓದಿ ಸಹಿ ಮಾಡ್ರಿ."

"ನೀವಿದ್ದೀರಲ್ಲ, ನಾನೆಂತಕ್ಕೆ ಓದುದು?"

ಫೋನಿನಲ್ಲಿ ನಗುತ್ತಲೇ ಅವನು ಪುಟ ಪುಟಕ್ಕೂ ಸಹಿ ಗೀಚಿದ. ಪರಿಶಿಷ್ಟ ಮೂರು ಈ ಸಲ ಹೊಸದು: ಅಪ್ಪನ ಗರಡಿಮನೆಯ ಬಾಗಿಲಲ್ಲಿ ತೂಗುತ್ತಿದ್ದ ಹಲಗೆಯ ನಿಯಮಗಳು, ಶುದ್ಧ ಮರಾಠಿಗೆ ಇಳಿಸಿದ್ದು. ಪಟ್ಟು ಹಾಕುವುದು ಪೈಲ್ವಾನನ ಕೆಲಸ, ಪಟ್ಟು ಹಿಡಿಯುವುದು ಗುಮಾಸ್ತನದು. ಮಲಕಪ್ಪನವರು ಆ ಸಂಜೆ ಎರಡನ್ನೂ ಮಾಡಿದ ತೃಪ್ತಿಯಲ್ಲಿ ಎರಡು ಜೋಳದ ರೊಟ್ಟಿ ಹೆಚ್ಚು ಉಂಡರು.

ಕಾರ್ಯಕ್ರಮದ ದಿನ ಠಾಣೆಗೆ ಹೋಗಿ, ಜನ ಭಾಳ ಸೇರತಾರ, ಒಮ್ಮೆ ಕಣ್ಣಾಡಿಸಿ ಹೋಗಬೇಕು ಎಂದು ವಿನಂತಿಸಿಕೊಂಡವರೂ ಅವರೇ. ಇನ್‌ಸ್ಪೆಕ್ಟರ್ ಮೇಡಂ ಬಂದರು. ಕಾನ್ವೆಂಟಿನ ಸಿಸ್ಟರ್ ಮಕ್ಕಳ ಉಗುರು ನೋಡುವ ಹಾಗೆ ಒಂದೊಂದೇ ಪುಟ ತಿರುವಿದರು.

"ಇಲ್ಲಿ ಗುದ್ದುವಂತಿಲ್ಲ ಎಂದಿದೆ. ಒದೆಯುವಂತಿಲ್ಲ. ಬೆನ್ನು ನೆಲಕ್ಕೆ ತಾಗಿದವನು ಸೋತ."

"ಮೇಡಂ, ಗುದ್ದದೆ ಮತ್ತೇನು ಮಾಡುವುದು?" ಎಂದ ಅಶ್ವಿತ್.

"ಈ ಸಹಿ ಯಾರದು?"

"ನನ್ನದೇ."

"ನಾಲ್ಕೂ ಪುಟದಲ್ಲಿದೆ. ಬರೆದುಕೊಟ್ಟ ಹಾಗೆ ಆಡಿ. ಇಲ್ಲವಾದರೆ ಜನರನ್ನು ಮನೆಗೆ ಕಳಿಸಿ."

ಹೊರಗೆ ಎರಡು ಸಾವಿರ ಜನ ಆಗಲೇ ಅವನ ಹೆಸರು ಕೂಗುತ್ತಿದ್ದರು. ಕಳಿಸುವುದು ಹೇಗೆ?

ಮೊದಲ ಪಂದ್ಯಗಳಲ್ಲಿ ಗುದ್ದು ಮರೆತ ವೀರರು ಮದುವೆಮನೆಯ ಬೀಗರಂತೆ ಒಬ್ಬರನ್ನೊಬ್ಬರು ತಬ್ಬಿ ನಿಂತರು. ಕೊನೆಗೆ ಅಶ್ವಿತ್‌ನ ಸರದಿ. ರೂಢಿಯಂತೆ ಮುಷ್ಟಿ ಎತ್ತಿದ. ಅಂಚಿನಲ್ಲಿ ನಿಂತ ಮೇಡಂ ಕಡೆ ನೋಡಿ, ಬಸ್ಸಿಗೆ ಕೈ ಮಾಡುವವನ ಹಾಗೆ ಬೆರಳು ಬಿಡಿಸಿದ. ಸ್ವಪ್ನಿಲ್ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡ. ಮಲಕಪ್ಪನವರ ಕೈಯೂ ತಾನಾಗಿ ಹಣೆಗೆ ಹೋಯಿತು. ಮುಂದಿನದು ಧೋಬಿ ಪಟ್ಟು: ತೋಳು ಸಿಕ್ಕಿತು, ಸೊಂಟ ತಿರುಗಿತು, ಅಶ್ವಿತ್ ಒಗೆಯುವ ಕಲ್ಲಿಗೆ ಬಿದ್ದ ಚಾದರದಂತೆ ಅಂಗಾತ ಬಿದ್ದ. ಹತ್ತೊಂಬತ್ತು ಸೆಕೆಂಡು.

ಸಭೆ ಬಿದ್ದು ಬಿದ್ದು ನಕ್ಕಿತು. ಮಲಕಪ್ಪನವರು ಮೇಲೆದ್ದ ಫೋನುಗಳನ್ನು ಎಣಿಸಿದರು. ನೂರ ನಲವತ್ತರ ಆಚೆ ಲೆಕ್ಕ ತಪ್ಪಿತು. ಇಷ್ಟು ರುಚಿಯಾದ ನಗುವನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ.

ಹೋದ ವರ್ಷದ ಅದೇ ಸಭಾಂಗಣ ಖಾಲಿಯಾದ ಮೇಲೆ ಅಶ್ವಿತ್ ಬೆನ್ನಿಗೆ ಐಸಿನ ಚೀಲ ಒತ್ತಿಕೊಂಡು, ಬಾಗಿಲ ಬಳಿ ಕೂತಿದ್ದ ಮಲಕಪ್ಪನವರ ಮುಂದೆ ಬಂದು ನಿಂತ.

"ಪೇಪರ್ ಬದಲಾಯಿಸಿದ್ದು ನೀವೇ ಅಲ್ವಾ? ಯೋಚನೆ ಮಾಡ್ತಾ ಇದ್ದೆ, ಈಗ ನೆನಪಾಯ್ತು. ಆ ವಿಡಿಯೋ ಅಲ್ವಾ?"

ಮಲಕಪ್ಪನವರು ಎದ್ದು ನಿಂತರು.

"ಡಿಲೀಟ್ ಮಾಡ್ತೇನೆ ಅಂಕಲ್. ಮೈಕಿನಲ್ಲಿ ಸಾರಿ ಕೇಳು ಅಂದ್ರೆ ಅದನ್ನೂ ಕೇಳ್ತೇನೆ. ಕಾಲು ಹಿಡೀಬೇಕಾ? ಹಿಡೀತೇನೆ. ನಿಮಗೆ ಎಂತ ಬೇಕು, ಹೇಳಿ ಒಮ್ಮೆ."

ವರ್ಷವಿಡೀ ಕಾದಿದ್ದ ಗಳಿಗೆ. ಮಲಕಪ್ಪನವರು ಫೈಲನ್ನು ಎದೆಗೊತ್ತಿ ಗಂಟಲು ಸರಿಪಡಿಸಿಕೊಂಡರು. ಅಪ್ಪ, ಗರಡಿ, ಹದಿನಾರು ಹಳ್ಳಿ, ಗಾದೆ ಎಲ್ಲವೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು.

"ಎಡಗಾಲಂದು ಚಪ್ಪಲಿ," ಎಂದರು, "ಕಸಾ ಹೊಡಿಯೋರಿಗೆ ಏನರ ಸಿಕ್ಕಿತ್ತೇನ್ರಿ?"