ತಿಂಗಳು ಕಳೆಯಲಿ ಎನ್ನುವ ದನಿ

ಬೆಳಗಿನ ಆರಕ್ಕೆ ಹತ್ತು ನಿಮಿಷ. ನೆಬ್ರಾಸ್ಕಾದ ಡೆಲ್ಮರ್ ಕ್ರೀಕ್ ಊರಾಚೆ, ಮೆಕ್ಕೆಜೋಳದ ಹೊಲದ ನಡುವೆ, ಎರಡೇ ಕೋಣೆಯ ಹಳೆಯ ಎ.ಎಂ. ರೇಡಿಯೋ ಕೇಂದ್ರ. ಎಪ್ಪತ್ತೊಂದರ ಲೋರ್ನಾ ಹೆಸ್ಪೆ ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲೇ ನಡೆದುಹೋಗಿ ಪ್ರಸಾರ ಯಂತ್ರದ ಗುಂಡಿ ಒತ್ತುತ್ತಾರೆ. ಅದು ಬಿಸಿಯಾಗುವಷ್ಟರಲ್ಲಿ ಕಾಫಿಯೂ ಆಗಿರುತ್ತದೆ. ಮೊದಲು ಸಾವಿನ ಸುದ್ದಿ, ಆಮೇಲೆ ಹಂದಿಯ ಧಾರಣೆ, ತಪ್ಪಿಸಿಕೊಂಡ ನಾಯಿಗಳು, ಕೊನೆಗೆ ಊರೇ ಕಾಯುವ ‘ಕೊಡು-ಕೊಳ್ಳು’. ಮಾರುವುದಿದ್ದವರು ಫೋನ್ ಮಾಡಿ ನೇರ ಪ್ರಸಾರದಲ್ಲೇ ಹೇಳಬಹುದು. ದಿನಕ್ಕೆ ನಲವತ್ತು ಕರೆ, ನಲವತ್ತೊಂದು ವರ್ಷದಿಂದ.

ಈಗ ಇವರೆದುರು ಕೂತಿರುವ ನಾನು ಇಪ್ಪತ್ತಾರು ವರ್ಷದ ಹಿಂದೆ ಈ ಊರಿಗೆ ಬಂದಾಗ, ‘ಕೊಡು-ಕೊಳ್ಳು’ವಿನಲ್ಲಿ ನನಗೆ ಮಂಚ ಕೊಡಿಸಿದವರೂ ಇವರೇ. ಅದರ ಒಂದು ಕಾಲು ಕುಂಟು ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಇವರದೊಂದು ಕಟ್ಟಳೆ ಇದೆ: ಸತ್ತವರ ಸಾಮಾನಿನ ಮಾರಾಟವನ್ನು ತಿಂಗಳು ತುಂಬುವವರೆಗೆ ಪ್ರಸಾರ ಮಾಡುವುದಿಲ್ಲ. “ಹೊಸದ್ರಲ್ಲಿ ಈಡಿತ್ ಅನ್ನೋಳು, ಗಂಡನ್ನ ಮಣ್ಣು ಮಾಡಿದ ಮಾರನೇ ದಿನವೇ ಅವನ ಕೋಟು ಮಾರ್ಬೇಕು ಅಂದ್ಲು. ನಾನೂ ಹೇಳ್ಬಿಟ್ಟೆ. ಮೂರೇ ವಾರಕ್ಕೆ ಅಳ್ತಾ ಬಂದ್ಲು, ಕೋಟು ವಾಪಸ್ ಬೇಕು ಅಂತ. ಕೊಂಡೋರು ಒಳ್ಳೇವ್ರು, ಕೊಟ್ರು. ಆದ್ರೆ ಒಗೆದ್ಬಿಟ್ಟಿದ್ರು ನೋಡಿ, ಅವನ ಮೈವಾಸನೆ ಹೋಗೇಬಿಟ್ಟಿತ್ತು.”

ಈ ಶುಕ್ರವಾರಕ್ಕೆ ಲೋರ್ನಾರ ಕಾರ್ಯಕ್ರಮ ಕೊನೆ. ಸೋಮವಾರದಿಂದ ನಗರದಲ್ಲಿ ಮೊದಲೇ ಧ್ವನಿಮುದ್ರಿಸಿದ ಯಾರದೋ ಮಾತು ಬರುತ್ತದಂತೆ. ನನಗಂತೂ ಮೈಯೆಲ್ಲ ಉರಿಯುತ್ತದೆ. ಆ ಪುಣ್ಯಾತ್ಮನಿಗೆ ನಮ್ಮೂರಿನ ಒಂದು ನಾಯಿಯ ಹೆಸರಾದರೂ ಗೊತ್ತೇ?

ಫೋನ್ ಬಡಿದುಕೊಳ್ಳುತ್ತದೆ. ವಿಲ್ಮಾ ರೂಕರ್. ಗಂಡ ತೀರಿಕೊಂಡು ಹನ್ನೆರಡು ದಿನವಾಗಿದೆ.

“ಲೋರ್ನಾ, ಅವನ ಮೀನಿನ ದೋಣಿ ಮಾರಾಟಕ್ಕಿದೆ ಅಂತ ಇವತ್ತೇ ಹೇಳ್ಬಿಡೇ.”

“ತಿಂಗಳು ಕಳೀಲಿ ವಿಲ್ಮಾ.”

“ನಿನ್ನ ತಿಂಗಳಿಗಿಷ್ಟು ಬೆಂಕಿ ಹಾಕ! ಶುಕ್ರವಾರ ಆದ್ಮೇಲೆ ನೀನೆಲ್ಲಿರ್ತೀಯ?”

ಲೋರ್ನಾ ಕಾಫಿ ಲೋಟ ಪಕ್ಕಕ್ಕಿಡುತ್ತಾರೆ.

“ಮನೇಲೇ ಇರ್ತೀನಿ ಕಣೇ, ಇನ್ನೆಲ್ಲಿಗೆ ಹೋಗಿ ಸಾಯ್ಲಿ? ತಿಂಗಳಾದ್ಮೇಲೂ ಮಾರ್ಬೇಕು ಅನ್ಸಿದ್ರೆ ಬಾ. ಚರ್ಚ್ ಬಾಗಿಲಲ್ಲಿ ನಿಂತು ನಾನೇ ಕೂಗ್ತೀನಿ. ಈ ಗಂಟಲಿಗೆ ಮೈಕ್ ಬೇರೆ ಕೇಡು!”

ವಿಲ್ಮಾ ನಗುತ್ತಾರೆ, ನಗುತ್ತಲೇ ಅಳುತ್ತಾರೆ. ದೋಣಿ ಸದ್ಯಕ್ಕೆ ಕೊಟ್ಟಿಗೆಯಲ್ಲೇ ಉಳಿಯುತ್ತದೆ.

ನೆನಪಿಗಿರಲೆಂದು ಕೇಂದ್ರದ ಮಾಲೀಕರು ಹಳೆಯ ಮೈಕನ್ನು ಲೋರ್ನಾರಿಗೇ ಕೊಟ್ಟಿದ್ದಾರೆ. ಹಳೇ ಸಾಮಾನು ಕೊಳ್ಳುವವನೊಬ್ಬ ಆಗಲೇ ಬಂದು ವಿಚಾರಿಸಿದ್ದಾನೆ. ಮಾರುತ್ತೀರಾ ಎಂದು ನಾನೂ ಕೇಳುತ್ತೇನೆ. ಅವರು ಸ್ವೆಟರಿನ ತೋಳಿನಿಂದ ಅದರ ಧೂಳು ಒರೆಸಲು ಹೋಗಿ, ಬೇಡವೆಂದು ಕೈ ಹಿಂದೆಗೆಯುತ್ತಾರೆ.

“ತಿಂಗಳು ಕಳೀಲಿ,” ಎನ್ನುತ್ತಾರೆ.