ಹಂಡೆಯ ಬಾಯಿಯ ಪಿಜ್ಜಾ ಒಲೆ

ಬೆಂಕಿಯನ್ನು ಪಳಗಿಸಿದ ದಿನವೇ ಮನುಷ್ಯ ಮನುಷ್ಯನಾದ ಎಂದು ತಿಳಿದವರು ಹೇಳುತ್ತಾರೆ. ದರ್ಬೆಯ ನಮ್ಮ ಹಿತ್ತಿಲಿಗೆ ಆ ದಿನ ಇನ್ನೂ ಬಂದಿಲ್ಲ. ಇವತ್ತು ಬೆಳಿಗ್ಗೆ ಸ್ನಾನ ಮುಗಿಸಿ ಮೈ ಒರಸಿಕೊಳ್ಳುವಾಗ ಬೈರಾಸಿನಿಂದ ಹೊಗೆಯ ವಾಸನೆ ಬಂತು. ಅದರ ಬೆನ್ನಿಗೇ ನಾಲ್ಕು ವರ್ಷದ ಹಿಂದಿನ ಒಂದು ಭಾನುವಾರವೂ ಬಂತು.

ಆಗ ನಾನು ಶಾಲೆಯಿಂದ ನಿವೃತ್ತನಾಗಿ ಆರು ತಿಂಗಳು. ನಿವೃತ್ತ ಮೇಷ್ಟ್ರ ಕೈಗೆ ಮೊಬೈಲು ಸಿಕ್ಕರೆ ಏನಾಗುತ್ತದೆಂದು ನಿಮಗೆ ವಿವರಿಸಬೇಕಾಗಿಲ್ಲ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಾರು. ಬಿಳಿಗಡ್ಡದ ವಿದೇಶಿಯೊಬ್ಬ ಹಿತ್ತಿಲಲ್ಲಿ ಇಟ್ಟಿಗೆಯ ಗುಮ್ಮಟ ಕಟ್ಟಿ ಪಿಜ್ಜಾ ಬೇಯಿಸುವ ವಿಡಿಯೊವನ್ನು ಹನ್ನೊಂದು ಸಲ ನೋಡಿದೆ. ಹನ್ನೆರಡನೆಯ ಸಲ ನೋಡುವ ಬದಲು ಸಂಜೀವಣ್ಣನಿಗೆ ಫೋನು ಮಾಡಿದೆ. ಅಲ್ಲಿಯವರೆಗೆ ನಾನು ಪಿಜ್ಜಾ ತಿಂದದ್ದು ಎರಡೇ ಸಲ. ಒಂದು ಸಲ ಸೇರಿರಲಿಲ್ಲ. ಈ ಸಂಗತಿ ಯೋಜನೆಗೆ ಅಡ್ಡಿಯೆಂದು ನನಗೆ ತೋರಲಿಲ್ಲ.

ಸಂಜೀವಣ್ಣ ಒಲೆ ಕಟ್ಟುವ ಮೇಸ್ತ್ರಿ. ಒಂದು ಕಾಲಕ್ಕೆ ನಮ್ಮ ಸುತ್ತಿನ ಬಚ್ಚಲೊಲೆಗಳೆಲ್ಲ ಅವನವೇ. ಹಂಡೆ ಕೂರುವ ದುಂಡು ಬಾಯಿಯನ್ನು ಅವನು ಅಳತೆ ಹಿಡಿಯದೆ, ಕೈಯನ್ನು ಒಂದು ಸುತ್ತು ತಿರುಗಿಸಿ ಮಾಡುತ್ತಿದ್ದ. ಹಂಡೆ ಇಟ್ಟರೆ ಸಂದಿನಲ್ಲಿ ಎಳೆಯಷ್ಟೂ ಹೊಗೆ ಬಾರದು. ಆಮೇಲೆ ಎಲ್ಲರ ತಾರಸಿಗೆ ಸೋಲಾರ್ ಬಂತು. ನಮ್ಮ ಹಂಡೆ ಅಟ್ಟ ಸೇರಿತು. ಒಂದು ರೀತಿಯಲ್ಲಿ ಸಂಜೀವಣ್ಣನೂ.

"ಒಲೆ ಕಟ್ಟದೆ ಐದು ವರ್ಷ ಆಯ್ತು ಮಾಷ್ಟ್ರೆ," ಎಂದ. "ಈಗ ಕಾಂಪೌಂಡು ಗೋಡೆ ಕಟ್ಟುದೊಂದೇ. ಇದು ಸರಿಯಾದ್ರೆ ನಾಲ್ಕು ಜನ ಪುನಃ ಕರೆದಾರು. ಎಂತ ಬೇಯಿಸುದು ಇದ್ರಲ್ಲಿ?"

ವಿಡಿಯೊ ತೋರಿಸಿದೆ. ಗಂಭೀರವಾಗಿ ನೋಡಿ, "ರೊಟ್ಟಿ ಅಲ್ವಾ ಮಾರಾಯ್ರೆ," ಎಂದು ಮಣ್ಣು ಕಲಸಲು ಹೋದ.

ಸುದ್ದಿ ಸಂಪಾಜೆಗೆ ಮುಟ್ಟಿತು. ಅಲ್ಲಿ ನನ್ನ ಹೆಂಡತಿಯ ಅಣ್ಣ, ಘಾಟಿ ಹತ್ತುವ ಪ್ರವಾಸಿಗಳಿಗಾಗಿ ಹೋಮ್‌ಸ್ಟೇ ನಡೆಸುತ್ತಾರೆ. "ಭಾನುವಾರ ಬರ್ತೇನೆ ಭಾವ. ನಿಮ್ಮದು ಸರಿ ಬೆಂದ್ರೆ ಅದೇ ಮೇಸ್ತ್ರಿಯಿಂದ ನನಗೂ ಎರಡು," ಎಂದರು. ಆಮೇಲೆ ನನ್ನ ಜೇನುಪೆಟ್ಟಿಗೆ, ಅಣಬೆ ಶೆಡ್ಡುಗಳ ಕ್ಷೇಮ ವಿಚಾರಿಸಿದರು. ಎರಡೂ ಕ್ಷೇಮವಾಗಿರಲಿಲ್ಲ. ಈ ಮಾತು ಕಿವಿಗೆ ಬಿದ್ದ ಮರುದಿನ ಸಂಜೀವಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಣ್ಣಿನ ಕೆಲಸಕ್ಕೆ ಬಂದ.

ಗುಮ್ಮಟ ಮುಗಿಯುವಾಗ ನಾನು ಮದುವೆಯೊಂದಕ್ಕೆಂದು ಮೂರು ದಿನ ಕೊಯಿಲದಲ್ಲಿದ್ದೆ. ಶನಿವಾರ ಬಂದು ನೋಡಿದರೆ ಗುಮ್ಮಟದ ನೆತ್ತಿಯಲ್ಲಿ ದುಂಡನೆಯ ಬಾಯಿ.

"ಇದೆಂತದು ಸಂಜೀವಣ್ಣ?"

"ಹಂಡೆಗೆ," ಎಂದ. ಆಮೇಲೆ ತನ್ನ ಕೈಯನ್ನೇ ನೋಡಿಕೊಂಡ. ನಲವತ್ತು ವರ್ಷ ತಿರುಗಿದ ಕೈ ತನ್ನಷ್ಟಕ್ಕೆ ಇನ್ನೊಂದು ಸುತ್ತು ತಿರುಗಿತ್ತು. "ಈಗ ಮುಚ್ಚಿದ್ರೆ ಹಸಿಮಣ್ಣು ನಾಳೆ ಬೆಂಕಿಗೆ ಬಿರಿತದೆ ಮಾಷ್ಟ್ರೆ."

ಭಾನುವಾರ ಸಂಪಾಜೆಯ ಭಾವ ಬಂದರು. ಬೆಂಕಿ ಹಾಕಿದೆವು. ಕಾವೆಲ್ಲ ನೆತ್ತಿಯ ಬಾಯಿಂದ ಆಕಾಶಕ್ಕೆ ಹೋಯಿತು. ಅರ್ಧ ಗಂಟೆಯಾದರೂ ಪಿಜ್ಜಾದ ಮೇಲಿನ ಚೀಸ್ ಅಂಗಡಿಯಿಂದ ತಂದ ಹಾಗೆಯೇ ಇತ್ತು.

"ಅಣಬೆಯೂ ಹೀಗೇ ಅಲ್ವಾ ಭಾವ ಆದದ್ದು?" ಎಂದರು. ನನಗೆ ಇಂಥ ಮಾತಿನ ಅಭ್ಯಾಸವಿತ್ತು. ಸಂಜೀವಣ್ಣನಿಗಿರಲಿಲ್ಲ. ಇಸ್ತ್ರಿ ಅಂಗಿಯ ತೋಳನ್ನು ಮಡಚುತ್ತ, ಬಿಡಿಸುತ್ತ ನಿಂತಿದ್ದ.

ನನ್ನ ಹೆಂಡತಿ, "ಬಾಯಿ ಇರುದು ಹಂಡೆಗಾದ್ರೆ ಹಂಡೆ ಇಡಿ. ಅದಕ್ಕೆಂತ ಇಷ್ಟು ಯೋಚನೆ?" ಎಂದಳು.

ಅಟ್ಟದಿಂದ ಹಂಡೆ ಇಳಿಯಿತು. ನೆತ್ತಿಯಲ್ಲಿಟ್ಟು ನೀರು ತುಂಬಿದೆವು. ಕಾವು ಒಳಗೇ ನಿಂತಿತು. ಎರಡನೆಯ ಪಿಜ್ಜಾದ ಅಡಿ ಕರಿಯಾಯಿತು, ಮೂರನೆಯದು ಬೆಂದಿತು. ಭಾವ ಅದನ್ನು ಮಾವಿನ ಮಿಡಿ ಉಪ್ಪಿನಕಾಯಿಯ ಜೊತೆ ತಿಂದರು, ಅಭಿಪ್ರಾಯ ಹೇಳಲಿಲ್ಲ. ಮೈಗೆ ಮಸಿ ಹತ್ತಿದ್ದರಿಂದ ಹಂಡೆಯ ಬಿಸಿನೀರು ಬಕೆಟ್ಟಿಗೆ ತುಂಬಿಸಿಕೊಂಡು ಸ್ನಾನಕ್ಕೆ ಹೋದರು. ಎರಡು ಸಲ ಒಳಗಿನಿಂದಲೇ ಇನ್ನೂ ನೀರು ಕೇಳಿದರು. ಮುಕ್ಕಾಲು ಗಂಟೆಯ ಮೇಲೆ ಕೆಂಪಗಾಗಿ ಹೊರಬಂದವರು ನನ್ನನ್ನು ದಾಟಿ ಸೀದಾ ಸಂಜೀವಣ್ಣನ ಮುಂದೆ ನಿಂತರು.

"ನಾಡಿದ್ದು ಬರ್ಲಿಕ್ಕೆ ಆಗ್ತದಾ ಮೇಸ್ತ್ರಿಗಳೇ? ಆ ಮೇಲಿನ ಬಾಯಿ ಮಾತ್ರ ಬೇಕೇ ಬೇಕು."

"ಅದಿಲ್ಲದೆ ನನಗೆ ಕಟ್ಟಲಿಕ್ಕೆ ಬರುದೂ ಇಲ್ಲ," ಎಂದ ಸಂಜೀವಣ್ಣ, ತೋಳು ಬಿಡಿಸಿಕೊಂಡು.

ವಿಡಿಯೊ ನೋಡುವುದನ್ನು ನಾನು ಬಿಟ್ಟಿಲ್ಲ. ಆದರೆ ಬಲ್ಲವರ ಕೈ ತಿರುಗುತ್ತಿರುವಾಗ ಈಗ ಸ್ವಲ್ಪ ದೂರ ಕುರ್ಚಿ ಹಾಕಿ ಕೂರುತ್ತೇನೆ. ಹೊಗೆ ವಾಸನೆಯ ಬೈರಾಸನ್ನು ಹಗ್ಗಕ್ಕೆ ಹಾಕಿ ಬಂದೆ. ನಮ್ಮ ಒಲೆಯಲ್ಲಿ ಆ ಭಾನುವಾರದ ಮೇಲೆ ಪಿಜ್ಜಾ ಬೇಯಿಸಿಲ್ಲ. ದಿನಾ ಬೆಳಿಗ್ಗೆ ನೀರು ಕಾಯುತ್ತದೆ. ಸಂಪಾಜೆಯಲ್ಲಿ ಎರಡು ಒಲೆಗಳಿವೆ. ಎರಡರ ಮೇಲೂ ಹಂಡೆ ಇದೆ.