ಟೈಪಿಸ್ಟ್ ಸರಸಮ್ಮ ಮೇಜಿನ ಕಾಲು ಕುಯ್ಯಿಸಿದ್ದು

ಕಣ್ಣಿನ ಡಾಕ್ಟರು ಕೇಳಿದ್ದು ಬಹಳ ಸಣ್ಣ ಪ್ರಶ್ನೆ. "ಕಂಪ್ಯೂಟರ್ ಪರದೆ ನಿಮ್ಮ ಮುಖದಿಂದ ಎಷ್ಟು ದೂರ ಇರುತ್ತಮ್ಮ?"

ಸರಸಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಮಾಗಡಿ ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ಮೂವತ್ತು ವರ್ಷದಿಂದ ಟೈಪಿಂಗ್ ಅಂಗಡಿ ನಡೆಸುತ್ತಿದ್ದವಳು ಅವಳು. ಸೋಲೂರು, ಕುದೂರು ಕಡೆಯ ಅದೆಷ್ಟೋ ಮನೆಗಳ ಕ್ರಯಪತ್ರ, ವಿಭಾಗಪತ್ರಗಳು ಅವಳ ಬೆರಳಿನಿಂದ ಹೊರಟಿದ್ದವು. ಯಾರ ನಿವೇಶನದ ಪೂರ್ವಕ್ಕೆ ಎಷ್ಟು ಅಡಿ, ಪಶ್ಚಿಮಕ್ಕೆ ಎಷ್ಟು ಅಡಿ ಎಂದು ಒಂದು ಅಂಗುಲವೂ ತಪ್ಪದ ಹಾಗೆ ಟೈಪು ಮಾಡಿದವಳಿಗೆ ತನ್ನ ಮೂಗಿಗೂ ಪರದೆಗೂ ಇರುವ ದೂರ ತಿಳಿದಿರಲಿಲ್ಲ. ನಾಚಿಕೆಯಾಯಿತು.

"ಒಂದು ಮೊಳ ಇರಬೈದು ಡಾಕ್ಟ್ರೇ," ಎಂದಳು.

"ಅಂದಾಜು ಬೇಡ. ಅಳೆದು ಫೋನ್ ಮಾಡಿ. ನೀವು ಹಾಕಿರೋದು ಕೆಳಗಡೆ ಓದೋ ಪವರ್ ಇರೋ ಕನ್ನಡಕ. ಪರದೆ ಕಾಣಬೇಕು ಅಂದ್ರೆ ಗದ್ದ ಎತ್ತಿ ನೋಡ್ತೀರಿ, ಅದಕ್ಕೆ ಕತ್ತು ನೋಯುತ್ತೆ. ಪರದೆಯ ದೂರಕ್ಕೇ ಬೇರೆ ಕನ್ನಡಕ ಬರೆದುಕೊಡ್ತೀನಿ. ಕಣ್ಣು ಒಣಗೋದಕ್ಕೆ ಮಾತ್ರ ಕಾರಣ ಬೇರೆ. ಟೈಪ್ ಮಾಡುವಾಗ ನೀವು ರೆಪ್ಪೆ ಬಡಿಯೋದನ್ನೇ ಮರೀತೀರಿ."

ರಾಮನಗರದಿಂದ ಮಾಗಡಿಗೆ ಬಸ್ಸಿನಲ್ಲಿ ಬರುವಾಗ ಸರಸಮ್ಮನ ತಲೆಯಲ್ಲಿ ಆ ಕೊನೆಯ ಮಾತೇ ಸುತ್ತುತ್ತಿತ್ತು. ರೆಪ್ಪೆ ಬಡಿಯುವುದನ್ನು ಯಾರಾದರೂ ಮರೆಯುತ್ತಾರೆಯೇ? ಅದೇನು ಉಪ್ಪು ಹಾಕುವುದೇ, ಬಾಗಿಲು ಹಾಕುವುದೇ, ಮರೆಯಲಿಕ್ಕೆ? ಕಣ್ಣುರಿ, ತಲೆಶೂಲೆ, ಭುಜದ ನೋವು, ಬಲಗೈ ಮಣಿಕಟ್ಟಿನ ಸೆಳೆತ ಶುರುವಾಗಿ ಆರೇಳು ವರ್ಷವಾಗಿತ್ತು. ಮನೆಯವರೆಲ್ಲ "ವಯಸ್ಸಾಯ್ತಲ್ಲ" ಎಂದಿದ್ದರು. ಐವತ್ತು ತುಂಬುವುದಕ್ಕೆ ಇನ್ನೂ ಒಂದು ವರ್ಷ ಬಾಕಿಯಿದ್ದ ಅವಳಿಗೆ ಆ ಉತ್ತರ ಒಂದು ದಿನವೂ ರುಚಿಸಿರಲಿಲ್ಲ.

ಮಾರನೆಯ ದಿನ ಅಂಗಡಿ ತೆರೆದವಳೇ ಪಕ್ಕದ ಜೆರಾಕ್ಸ್ ಅಂಗಡಿಯ ಅಸ್ರಾಳನ್ನು ಕರೆದಳು.

"ಬಾರವ್ವ ಇಲ್ಲಿ. ನಾನು ಟೈಪ್ ಮಾಡ್ತೀನಿ. ನೀನು ಒಂದ್ ನಿಮಿಷ ಫೋನ್‌ನಾಗೆ ಟೈಮ್ ಇಟ್ಕೊಂಡು ನನ್ ರೆಪ್ಪೆ ಎಷ್ಟು ಸಲ ಬಡೀತದೆ ಎಣ್ಸು."

"ಏನಾಂಟಿ ಇದು, ಬೆಳಿಗ್ಗೆ ಬೆಳಿಗ್ಗೆ!" ಎಂದು ಅಸ್ರಾ ನಕ್ಕಳು. ಆದರೂ ಸ್ಟೂಲು ಎಳೆದುಕೊಂಡು ಕೂತಳು. ಮೊದಲ ಸಲ ಹನ್ನೊಂದು ಬಂತು.

"ಇದು ಸುಳ್ಳು ಲೆಕ್ಕ. ನೀನು ಎಣಿಸ್ತಿದ್ದೀಯ ಅಂತ ನಾನೇ ಬೇಕೂಂತ ಬಡಿದೆ. ನಂಗೆ ಗೊತ್ತಾಗ್ದಂಗೆ ಎಣ್ಸು."

ಮಧ್ಯಾಹ್ನ ಸರಸಮ್ಮ ಒಂದು ವಿಭಾಗಪತ್ರದೊಳಗೆ ಮುಳುಗಿದ್ದಾಗ ಅಸ್ರಾ ಸದ್ದಿಲ್ಲದೆ ಎಣಿಸಿದಳು. ನಿಮಿಷಕ್ಕೆ ನಾಲ್ಕು. ಆಮೇಲೆ ಹರಟುತ್ತಾ ಮತ್ತೊಮ್ಮೆ ಎಣಿಸಿದಳು. ಹದಿನೇಳು.

"ನಾಲ್ಕಾ?" ಸರಸಮ್ಮ ಕಣ್ಣರಳಿಸಿದಳು. "ಡಾಕ್ಟ್ರಮ್ಮ ಸುಳ್ಳು ಹೇಳಿಲ್ಲ ಕಣೆ."

ಟೇಪು ಹಿಡಿದು ಅಳೆದರು. ಕಣ್ಣಿಗೂ ಪರದೆಗೂ ಇಪ್ಪತ್ತೆರಡು ಅಂಗುಲ. ಫೋನು ಮಾಡಿದ ವಾರದಲ್ಲಿ ಹೊಸ ಕನ್ನಡಕ ಬಂತು. ಕತ್ತಿನ ನೋವು ಕಮ್ಮಿಯಾಯಿತು, ಆದರೆ ಭುಜದ ನೋವು ಹಾಗೇ ಉಳಿಯಿತು. ಅಲ್ಲಿಂದ ಸರಸಮ್ಮನ ತಲೆಗೆ ಹೊಸ ಹುಳು ಹೊಕ್ಕಿತು. ಕಂಪ್ಯೂಟರಿಗೆ ಮುಂಚೆ ಇಪ್ಪತ್ತು ವರ್ಷ ಅವಳು ಕನ್ನಡ ಟೈಪ್‌ರೈಟರ್ ಕುಟ್ಟಿದ್ದಳು. ಅದರ ಕೀ ಒತ್ತಲಿಕ್ಕೆ ಕಂಪ್ಯೂಟರಿಗಿಂತ ಹತ್ತು ಪಟ್ಟು ಬಲ ಬೇಕು. ಆಗ ಬಾರದ ನೋವು ಬೆಣ್ಣೆಯಂಥ ಈ ಕೀಬೋರ್ಡಿನಲ್ಲಿ ಯಾಕೆ ಬಂತು?

ಇದನ್ನು ಕೇಳಲು ಅವಳಿಗಿದ್ದವನು ಒಬ್ಬನೇ, ರಾಮನಗರದ ವಹಾಬ್. ಒಂದು ಕಾಲದಲ್ಲಿ ಈ ಕಡೆಯ ಟೈಪ್‌ರೈಟರುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು ಈಗ ಪ್ರಿಂಟರು ರಿಪೇರಿ ಮಾಡುತ್ತಿದ್ದ. ಸರಸಮ್ಮನ ಹಳೇ ಯಂತ್ರವನ್ನೂ ಅದರ ಮೇಜನ್ನೂ ಕೊಂಡವನೂ ಅವನೇ. ಪ್ರಶ್ನೆ ಕೇಳಿ ಅವನು ಗಡ್ಡ ಕೆರೆದುಕೊಂಡ.

"ಸರಸಮ್ಮೋರೆ, ನಲವತ್ತು ವರ್ಷ ಆಯ್ತು, ಮೆಷಿನ್ ಯಾಕೆ ಕೆಟ್ಟೋಯ್ತು ಅಂತ ಕೇಳ್ದೋರೇ ಎಲ್ಲ. ಮನುಷ್ಯ ಯಾಕೆ ಕೆಡ್ಲಿಲ್ಲ ಅಂತ ಯಾರೂ ಕೇಳಿರ್ಲಿಲ್ಲ. ನಿಮ್ ಮೆಷಿನ್ ಗೋಡೌನ್‌ನಲ್ಲೇ ಐತೆ. ತತ್ತೀನಿ. ಕೂತು ನೋಡಿ."

ಭಾನುವಾರ ವಹಾಬ್ ಗೂಡ್ಸ್ ಆಟೋದಲ್ಲಿ ಯಂತ್ರವನ್ನೂ ಮೇಜನ್ನೂ ತಂದ. ಸರಸಮ್ಮ ತನ್ನ ಕುರ್ಚಿಯಲ್ಲೇ ಕೂತು ಹಾಳೆ ಸುತ್ತಿದಳು. ಮೊದಲ ಸಾಲು ಟೈಪಾಗುತ್ತಿದ್ದಂತೆ ಬೆರಳುಗಳಿಗೆ ಹಳೆಯದೆಲ್ಲ ನೆನಪಾಯಿತು. ಸಾಲಿನ ಕೊನೆಗೆ ಗಂಟೆ ಟಣ್ ಎಂದಿತು. ಎಡಗೈ ತಾನಾಗಿ ಮೇಲೆದ್ದು, ಹೊಸ ಸಾಲಿಗೆ ಸರಿಸುವ ಹಿಡಿಯನ್ನು ತಳ್ಳಿತು.

"ನಿಲ್ಲಿ ನಿಲ್ಲಿ," ವಹಾಬ್ ಕೈ ತೋರಿಸಿದ. "ಕೈ ಎತ್ತಿದ್ರಿ ನೋಡಿ. ಕಂಪ್ಯೂಟರ್‌ನಾಗೆ ಎಲ್ಲಿ ಎತ್ತೀರಿ?"

ಸರಸಮ್ಮ ಒಂದು ಪುಟ ಪೂರ್ತಿ ಟೈಪು ಮಾಡಿದಳು. ಅಸ್ರಾ ಪಕ್ಕದಲ್ಲಿ ನಿಂತು ಎಣಿಸಿದಳು. ಮೂವತ್ತು ಸಲ ಕೈ ಮೇಲೆದ್ದಿತ್ತು. ಪುಟ ಮುಗಿದ ಮೇಲೆ ಹಾಳೆ ತೆಗೆಯಬೇಕು, ಕಾರ್ಬನ್ ಜೋಡಿಸಬೇಕು, ಸುತ್ತಬೇಕು. ಅಷ್ಟು ಹೊತ್ತೂ ಕಣ್ಣು ಅಕ್ಷರದ ಮೇಲಿರುವುದಿಲ್ಲ. ಕಂಪ್ಯೂಟರಿನಲ್ಲಿ ಆರು ಪುಟದ ಪತ್ರ ಮುಗಿಯುವ ತನಕ ಅವಳು ಕೂತಲ್ಲಿಂದ ಅಲ್ಲಾಡುತ್ತಿರಲಿಲ್ಲ. ಕೆಲಸ ಹಗುರವಾಯಿತೆಂದು ಎಲ್ಲರೂ ಅಂದುಕೊಂಡಿದ್ದರು. ಬಿಡುವೂ ಜತೆಯಲ್ಲೇ ಹೋಗಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ.

ಇನ್ನೊಂದು ಸಂಗತಿಯನ್ನು ಸರಸಮ್ಮನೇ ಕಂಡಳು. ಯಂತ್ರದ ಮುಂದೆ ಕೂತಾಗ ಅವಳ ಮೊಣಕೈ ನೆಟ್ಟಗೆ ಪಕ್ಕೆಗೆ ಇಳಿಬಿದ್ದಿತ್ತು. ಎದ್ದು ಕಂಪ್ಯೂಟರ್ ಮೇಜಿಗೆ ಹೋಗಿ ಕೂತಳು. ಭುಜ ಎರಡೂ ತಾವಾಗಿ ಕಿವಿಯ ಕಡೆಗೆ ಏರಿದವು. ಟೇಪು ಮತ್ತೆ ಹೊರಬಂತು. ಯಂತ್ರದ ಕೀ ನೆಲದಿಂದ ಇಪ್ಪತ್ತೆಂಟೂವರೆ ಅಂಗುಲ, ಕಂಪ್ಯೂಟರಿನ ಕೀ ಮೂವತ್ತೊಂದು.

"ಎರಡೂವರೆ ಅಂಗುಲ! ಇಷ್ಟು ವರ್ಷ ಇದನ್ನ ಹೆಗಲ ಮ್ಯಾಲೆ ಹೊತ್ಕೊಂಡು ಕೂತಿದ್ನಾ ನಾನು?"

ಹಳೇ ಮೇಜಿನ ಮೇಲೆ ಪರದೆ, ಕೀಬೋರ್ಡು ಎರಡೂ ಹಿಡಿಸುವಷ್ಟು ಜಾಗವಿರಲಿಲ್ಲ. ಮರುದಿನ ಬಡಗಿ ಬೋರಲಿಂಗಯ್ಯನಿಗೆ ಕರೆ ಹೋಯಿತು. ಅವನು ಕಂಪ್ಯೂಟರ್ ಮೇಜನ್ನು ಬಗ್ಗಿ ನೋಡಿದ, ಗುದ್ದಿ ನೋಡಿದ. "ಮತ್ತಿ ಮರ ಕಣಕ್ಕ. ಕಲ್ಲಿದ್ದಂಗೆ ಐತೆ. ಇಂಥದರ ಕಾಲ್ ಕುಯ್ತಾರಾ ಯಾರಾದ್ರೂ? ಕುರ್ಚಿ ಎತ್ತರಿಸ್ಕೊಳಿ."

"ಎತ್ತರಿಸಿ ನೋಡ್ದೆ ಬೋರಲಿಂಗಣ್ಣ. ಪಾದ ನೆಲಕ್ಕೆ ಎಟುಕಾಕಿಲ್ಲ. ತೊಡೆ ಜೋಮು ಹಿಡೀತದೆ. ನೀನು ಕುಯ್ಯಿ."

ಗರಗಸದ ಸದ್ದಿಗೆ ಕಚೇರಿ ಕೆಲಸಕ್ಕೆ ಬಂದವರೆಲ್ಲ ಸೇರಿದರು. ಟೈಪಿಸ್ಟಮ್ಮನಿಗೆ ಏನಾಯಿತೆಂದು ಕೆಲವರು ಅಸ್ರಾಳನ್ನು ಮೆಲ್ಲಗೆ ಕೇಳಿದರು. ನಾಲ್ಕು ಮರದ ತುಂಡು ಬಿದ್ದವು. ಮೇಜು ತಗ್ಗಿದಾಗ ಪರದೆಯೂ ತಗ್ಗಿತು, ಈಗ ಕತ್ತು ಬಾಗತೊಡಗಿತು. ಸರಸಮ್ಮ ಎರಡು ಇಟ್ಟಿಗೆಗೆ ಪೇಪರು ಸುತ್ತಿ, ಪರದೆಯ ಮೇಲಂಚು ಹುಬ್ಬಿನ ಮಟ್ಟಕ್ಕೆ ಬರುವ ಹಾಗೆ ಎತ್ತರಿಸಿದಳು. ಬಾಗಿಲಿನ ಬಿಸಿಲು ಪರದೆಯ ಮೇಲೆ ಹೊಳೆಯುತ್ತಿತ್ತು. ಅದಕ್ಕಾಗಿ ಮೇಜನ್ನು ಅಡ್ಡಕ್ಕೆ ತಿರುಗಿಸಿದಳು.

ರೆಪ್ಪೆಯ ಕಥೆ ಮಾತ್ರ ಬಗೆಹರಿಯಲಿಲ್ಲ. ಬಡಿಯಬೇಕು, ಬಡಿಯಬೇಕು ಎಂದುಕೊಂಡು ಟೈಪು ಮಾಡಿದರೆ 'ದಕ್ಷಿಣಕ್ಕೆ' ಹೋಗಿ 'ಉತ್ತರಕ್ಕೆ' ಆಗುತ್ತಿತ್ತು. ಎರಡು ದಿನ ಯೋಚಿಸಿ ಅವಳು ಕೈಯಳತೆಯಲ್ಲಿದ್ದ ಪ್ರಿಂಟರನ್ನು ಎತ್ತಿ ಬಾಗಿಲ ಬಳಿ ಇಟ್ಟಳು. ಒಂದು ಪುಟ ಮುಗಿದರೆ ಒಂದು ಪುಟ ಪ್ರಿಂಟು. ಎದ್ದು ಹೋಗಲೇಬೇಕು. ಹೋದಾಗ ರಸ್ತೆಯಾಚೆಯ ಹುಣಸೆಮರದ ತುದಿಯನ್ನು ಒಂದಿಷ್ಟು ಹೊತ್ತು ನೋಡಿ ಬರುವುದು.

ಕುದೂರಿನ ಕಡೆಯ ರೈತ ಮರಿಯಪ್ಪ ಮೊದಲ ದಿನವೇ ಸಿಡುಕಿದ. "ಯಾಕ್ ಸರಸಮ್ಮೋರೆ ಹಿಂಗ್ ತಿರುಗಾಡ್ತೀರಿ? ನಂಗೆ ಒಂದು ಗಂಟೆಗೆ ಬಸ್ಸು ಐತೆ."

"ಕಳೆದ್ ಸಲ ನಿಮ್ ಪತ್ರ ಎಷ್ಟೊತ್ತಾಯ್ತು?"

"ಎರಡು ಗಂಟೆ ಹಿಡೀತು."

"ಇವತ್ತೂ ಅಷ್ಟ್ರಲ್ಲೇ ಕೊಡ್ತೀನಿ. ಗಡಿಯಾರ ನೋಡ್ಕೊಂಡ್ ಕೂತ್ಕಳಿ."

ಹತ್ತು ನಿಮಿಷ ಮೊದಲೇ ಮುಗಿಯಿತು. ಪುಟಪುಟಕ್ಕೂ ನೋಡಿದ್ದರಿಂದ ಕೊನೆಯಲ್ಲಿ ತಿದ್ದುವುದು ಉಳಿದಿರಲಿಲ್ಲ. ಮರಿಯಪ್ಪ ಪತ್ರ ಮಡಿಸಿಕೊಂಡು ಬಸ್ಸಿಗೆ ಓಡಿದ.

ಒಂದು ತಿಂಗಳಿಗೆ ಭುಜ ಹಗುರಾಯಿತು, ಸಂಜೆಯ ಉರಿ ಮುಕ್ಕಾಲು ಪಾಲು ಇಳಿಯಿತು. ಬೇರೆ ಯಾರಾದರೂ ಅಷ್ಟಕ್ಕೆ ಸುಮ್ಮನಾಗುತ್ತಿದ್ದರು. ಸರಸಮ್ಮನಿಗೆ ಯಾವುದರಿಂದ ಯಾವುದು ಹೋಯಿತು ಎಂದು ತಿಳಿಯದೆ ಸಮಾಧಾನವಿಲ್ಲ. ಕುಯ್ದ ತುಂಡುಗಳನ್ನು ಮತ್ತೆ ಮೇಜಿನ ಕಾಲಿನಡಿ ಇಟ್ಟು ಕೂತಳು. ಮೂರನೆಯ ದಿನ ಭುಜ ಹಿಡಿಯಿತು. ತುಂಡು ತೆಗೆದು, ಪ್ರಿಂಟರನ್ನು ಹಳೇ ಜಾಗಕ್ಕೆ ತಂದಳು. ಭುಜಕ್ಕೇನೂ ಆಗಲಿಲ್ಲ, ಆದರೆ ಎರಡನೆಯ ಸಂಜೆಗೇ ಕಣ್ಣು ಉರಿಯಿತು. ಬಲಗೈ ಮಣಿಕಟ್ಟಿನ ಸೆಳೆತಕ್ಕೆ ಮಾತ್ರ ಏನು ಮಾಡಿದರೂ ಜಾಡು ಸಿಗಲಿಲ್ಲ. "ಅದು ಸಿಕ್ಕಾಕಿಲ್ಲ ಬುಡಿ," ಎಂದ ವಹಾಬ್. "ನೋಡವಾ," ಎಂದಳು ಸರಸಮ್ಮ. ಮೌಸನ್ನು ಎಡಗೈಗೆ ಬದಲಿಸಿದಳು. ಹದಿನೈದು ದಿನ ಪರದೆಯ ಮೇಲೆ ಅಡ್ಡಾದಿಡ್ಡಿ ಓಡಿದ ಬಾಣದ ಗುರುತು ಈಗ ಮೆಲ್ಲಗೆ ಮಾತು ಕೇಳತೊಡಗಿದೆ.

ಸಾಲಿನ ಇತರ ಟೈಪಿಸ್ಟರು ಈಗ ಒಬ್ಬೊಬ್ಬರಾಗಿ ಬಂದು ಕೇಳುತ್ತಾರೆ. ಸರಸಮ್ಮ ಯಾರಿಗೂ ಮೇಜಿನ ಕಾಲು ಕುಯ್ಯಿಸಿ ಎಂದು ಹೇಳುವುದಿಲ್ಲ. ಅವರ ಅಂಗಡಿಗೇ ಹೋಗಿ, ಅವರು ಕೆಲಸ ಮಾಡುವುದನ್ನು ಅರ್ಧ ಗಂಟೆ ಸುಮ್ಮನೆ ನೋಡುತ್ತಾಳೆ. ಮೋಟು ಆಳಿಗೆ ಪಾದದಡಿ ಹಲಗೆ ಬೇಕಾಗಬಹುದು, ಉದ್ದ ಆಳಿಗೆ ಇನ್ನೇನೋ.

ಮೊನ್ನೆ ಅಸ್ರಾ ಅಂಗಡಿ ಮುಚ್ಚುವ ಹೊತ್ತಿಗೆ ಗೋಡೆ ಹಿಡಿದು ನಿಂತಿದ್ದಳು. ದಿನವಿಡೀ ಜೆರಾಕ್ಸ್ ಯಂತ್ರದ ಮುಂದೆ ನಿಂತೇ ಇದ್ದರೆ ಹಿಮ್ಮಡಿ ಸಿಡಿಯುತ್ತದಂತೆ.

"ಎರಡೂ ಕಾಲಾ, ಒಂದೇ ಕಾಲಾ?" ಸರಸಮ್ಮ ಕೇಳಿದಳು.

ಅಸ್ರಾ ಯೋಚಿಸಿದಳು. "ಎಡಗಾಲೇ ಜಾಸ್ತಿ ಆಂಟಿ. ಯಾಕೋ ಗೊತ್ತಿಲ್ಲ."

"ಒಂದೇ ಕಾಲು ಅಂದ್ರೆ ಕಾರಣ ಐತೆ. ಮೆಷಿನ್ ಮುಂದೆ ಹೋಗಿ ನಿಂತ್ಕೋ. ದಿನಾ ಹೆಂಗ್ ನಿಂತ್ಕೋತೀಯೋ ಹಂಗೇ ನಿಂತ್ಕೋ," ಎಂದು ಸರಸಮ್ಮ ಸ್ಟೂಲು ಎಳೆದುಕೊಂಡು ಕೂತಳು.